ಉಲ್ಟಾ ಗಾಳಿ

ಬಾನೆಟ್ ಎತ್ತಿದ ಕೂಡಲೇ ಹಬೆ ಫಕ್ಕೀರಪ್ಪನ ಮುಖಕ್ಕೆ ನುಗ್ಗಿತು. ಅವನು ಹಿಂದಕ್ಕೆ ಜಿಗಿದು, ಹೆಗಲ ಮೇಲಿನ ಟವೆಲ್ಲಿನಿಂದ ಕಣ್ಣೊರೆಸಿಕೊಂಡು, ಮತ್ತೆ ಹತ್ತಿರ ಬಂದು ಗಾಡಿಯ ಮುಂದಿನ ಜಾಲರಿಗೆ ಅಂಗೈ ಹಿಡಿದ.

"ಗಾಳಿ ಬರಾಕತ್ತೈತಿ," ಅಂದ. "ಫ್ಯಾನ್ ಚಲೋನ ಐತಿ. ಮತ್ತೇನ್ ಧಾಡಿ ಇದಕ್ಕ?"

ಒಳಗೆ ಕುಳಿತಿದ್ದ ಬಸಣ್ಣೆಪ್ಪ ಇಳಿಯಲಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ ಕೇಳಿದ: "ಗಾಳಿ ಬಂದ್ರ ಗಾಡಿ ಯಾಕ್ ನಿಂತತು?"

ಫಕ್ಕೀರಪ್ಪನ ಅಂಗೈಗೆ ಬಡಿಯುತ್ತಿದ್ದ ಆ ಗಾಳಿ ನನ್ನದು. ಅದು ಅಲ್ಲಿಗೆ ಬರಲೇಬಾರದಿತ್ತು. ಹೇಳೋಣವೆಂದರೆ ನನಗೆ ಬಾಯಿಲ್ಲ. ಇರುವುದು ಏಳು ರೆಕ್ಕೆ, ಒಂದು ಮೋಟಾರು, ಎರಡು ತಂತಿ.

ನಾನು ರೇಡಿಯೇಟರ್ ಫ್ಯಾನು. ನನ್ನದೇ ಚೌಕಟ್ಟಿನಲ್ಲಿ, ನನ್ನ ಪಕ್ಕಕ್ಕೆ, ನನ್ನಂಥದೇ ಇನ್ನೊಂದು ಫ್ಯಾನಿದೆ. ಅದು ಯಾವ ದಿಕ್ಕಿಗೆ ತಿರುಗಿಸಿದರೂ ತಿರುಗುತ್ತದೆ, ತಲೆ ಕೆಡಿಸಿಕೊಳ್ಳುವುದಿಲ್ಲ. ತಲೆ ಕೆಡಿಸಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಿದೆ.

ನಾನು ಹುಟ್ಟಿದ್ದು ಅಚ್ಚಿನಲ್ಲಿ. ಬಿಸಿ ಪ್ಲಾಸ್ಟಿಕ್ಕು ಹರಿದು ಬಂದು ರೆಕ್ಕೆಯಾಗಿ ಗಟ್ಟಿಯಾಯಿತು. ಅಚ್ಚು ಕೊಟ್ಟ ಬುದ್ಧಿ ಒಂದೇ: ಮುಂದಿನ ಗಾಳಿಯನ್ನು ಹಿಂದಕ್ಕೆ ಎಳೆಯಬೇಕು. ಆ ಬುದ್ಧಿ ನನ್ನ ರೆಕ್ಕೆಯ ಬಾಗಿನಲ್ಲೇ ಇದೆ. ಗಾಡಿ ಮುಂದೆ ಹೋದಂತೆ ಎದುರುಗಾಳಿ ಜಾಲರಿಯಿಂದ ಒಳಗೆ ಬರುತ್ತದೆ. ನಾನು ರೇಡಿಯೇಟರಿನ ಹಿಂದೆ ನಿಂತು ಅದನ್ನು ಎಳೆದುಕೊಳ್ಳುತ್ತೇನೆ. ಒಳಗಿನ ನೀರು ತಣ್ಣಗಾಗುತ್ತದೆ. ಇದರಲ್ಲಿ ತಿಳಿಯದ್ದು ಏನಿದೆ?

ಮೊದಲು ನಾನು ಗದಗಿನ ಹಲ್ಲಿನ ಡಾಕ್ಟರಮ್ಮನ ಕಾರಿನಲ್ಲಿದ್ದೆ. ಆಕೆ ಮನೆಯಿಂದ ದವಾಖಾನೆಗೆ, ದವಾಖಾನೆಯಿಂದ ಮನೆಗೆ ಓಡಾಡುತ್ತಿದ್ದಳು. ದಾರಿ ಚಿಕ್ಕದು, ಇಂಜಿನ್ ಬಿಸಿಯೇ ಆಗುತ್ತಿರಲಿಲ್ಲ, ನನಗೆ ಎಚ್ಚರವಾಗುತ್ತಿದ್ದುದೇ ಅಪರೂಪ. ಒಂದು ದಿನ ಕಬ್ಬಿನ ಟ್ರ್ಯಾಕ್ಟರು ಹಿಂದಿನಿಂದ ಗುದ್ದಿತು. ಕಾರಿನ ಹಿಂಭಾಗ ಹಪ್ಪಳವಾಯಿತು, ಮುಂಭಾಗಕ್ಕೆ ಗೀರೂ ಬೀಳಲಿಲ್ಲ. ಆಮೇಲೆ ಹುಬ್ಬಳ್ಳಿಯ ಗುಜರಿ ಅಂಗಡಿಯಲ್ಲಿ ಮೊಳೆಗೆ ಜೋತುಬಿದ್ದೆ. ಮಳೆಗಾಲ ಬಂತು, ಹೋಯಿತು. ಜೇಡ ನನ್ನ ರೆಕ್ಕೆಗಳ ನಡುವೆ ಸಂಸಾರ ಹೂಡಿತು. ಅಲ್ಲಿಂದ ನನ್ನನ್ನು ಇಳಿಸಿದವನು ಫಕ್ಕೀರಪ್ಪ.

ಸವಣೂರಿನ ಎಲೆ ತೋಟಗಳಿಂದ ವಿಜಯಪುರದ ಪೇಟೆಗೆ ವೀಳ್ಯದೆಲೆ ಸಾಗಿಸುವುದು ಅವನ ಕೆಲಸ. ಅವನ ಅಪ್ಪನೂ ಅದನ್ನೇ ಮಾಡಿದವನು, ಬಸ್ಸಿನ ಟಾಪಿನ ಮೇಲೆ ಬುಟ್ಟಿ ಏರಿಸಿ. ಮಗ ಪಿಕಪ್ ಗಾಡಿ ತಗೊಂಡ. ಆ ಗಾಡಿಯಲ್ಲಿದ್ದುದು ಇಂಜಿನ್ನೇ ತಿರುಗಿಸುವ ಹಳೆಯ ಫ್ಯಾನು. ಅದು ಮುರಿದಾಗ ಅವನು ಗೆಳೆಯ ನೀಲಪ್ಪನನ್ನು ಕೇಳಿದ.

"ಅದನ್ನ ಮತ್ತ ಹಾಕಬ್ಯಾಡ ದೋಸ್ತ," ಅಂದ ನೀಲಪ್ಪ. "ಇಂಜಿನ್ನಿಂದ ಫ್ಯಾನ್ ತಿರಗಸೂದಂದ್ರ ಗಾಣದ ಎತ್ತಿನ ಮ್ಯಾಲ ನಾವೂ ಹತ್ತಿ ಕುಂತಂಗ. ಕರೆಂಟ್ ಫ್ಯಾನ್ ಹಾಕೂಣು. ಜೋಡಿ ಫ್ಯಾನ್ ತಗೊಂಬಾ, ನಾನ ಕುಂದ್ರಸಿ ಕೊಡ್ತೇನಿ."

ನೀಲಪ್ಪ ಕೆಲಸ ಬಲ್ಲವನೇ. ಸವಣೂರು, ಹಾವೇರಿ, ಗದಗಿನ ಖಾನಾವಳಿ, ಮಿರ್ಚಿ ಅಂಗಡಿಗಳ ಗೋಡೆ ಕೊರೆದು ಹೊಗೆ ಹೊರಹಾಕುವ ಫ್ಯಾನು ಕೂರಿಸುವುದು ಅವನ ಉದ್ಯೋಗ. ನನ್ನ ಚೌಕಟ್ಟನ್ನು ಅಚ್ಚುಕಟ್ಟಾಗಿ ಕೊಯ್ದ. ಕಬ್ಬಿಣದ ಪಟ್ಟಿ ಬಾಗಿಸಿ ರೇಡಿಯೇಟರಿನ ಹಿಂದೆ ಬಿಗಿದ. ತಂತಿ ಜೋಡಿಸಿದ. ನಾನು ತಿರುಗಿದೆ. ಆ ಕ್ಷಣ, ಓದುಗರೇ, ಎಲ್ಲವೂ ಸರಿಯಾಗಿತ್ತು. ಎಷ್ಟೋ ಕಾಲದ ನಂತರ ಮುಂದಿನ ಗಾಳಿಯನ್ನು ಎದೆ ತುಂಬ ಎಳೆದುಕೊಂಡೆ.

ನೀಲಪ್ಪ ಮುಂದೆ ಹೋಗಿ ಜಾಲರಿಗೆ ಕೈ ಹಿಡಿದ. ಮುಖ ಗಂಟಿಕ್ಕಿದ.

"ಹೊರಗ ಏನೂ ಬರವಲ್ದು."

"ಒಳಗ ಬರಾಕತ್ತೈತಲ್ಲ," ಅಂದ ಫಕ್ಕೀರಪ್ಪ ಇಂಜಿನ್ನಿನ ಕಡೆಯಿಂದ.

"ಒಳಗ ಬಂದ್ರ ಏನ್ ಮಾಡ್ತಿ? ಬಿಸಿ ಇರೂದ ಒಳಗ. ಅದು ಹೊರಗ ಹೋಗಬೇಕಲ್ಲೋ. ಅಡಗಿಮನ್ಯಾಗಿನ ಹೊಗಿ ಅಡಗಿಮನೀಗ ಊದಿದ್ರ ಹೆಂಗ?"

ಎಂಥ ತರ್ಕ! ಅಡುಗೆಮನೆ ಇದ್ದಲ್ಲೇ ಇರುತ್ತದೆ, ಗಾಡಿ ಓಡುತ್ತದೆ ಎಂಬುದೊಂದನ್ನು ಬಿಟ್ಟು ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಎರಡೂ ತಂತಿ ಬಿಚ್ಚಿ ಅದಲು ಬದಲು ಮಾಡಿ ಟೇಪು ಸುತ್ತಿದ. ನಾನು ಉಲ್ಟಾ ತಿರುಗತೊಡಗಿದೆ. ಜಾಲರಿಯಿಂದ ಹೊರಗೆ ಗಾಳಿ ಬಂತು. "ಈಗ ಕೈ ಹಿಡಿ," ಅಂದ. ಫಕ್ಕೀರಪ್ಪ ಹಿಡಿದು ನಕ್ಕ. ಚಕ್ರದ ಕೆಳಗೆ ಲಿಂಬೆಹಣ್ಣು ಇಟ್ಟರು, ತೆಂಗಿನಕಾಯಿ ಒಡೆದರು. ಕಾಯಿಯ ನೀರು ನನ್ನ ಮೇಲೂ ಸಿಡಿಯಿತು.

ಅಂದಿನಿಂದ ಇದೇ ಪಾಡು. ಗಾಡಿ ಹೊರಟಾಗ ಎದುರುಗಾಳಿ ಒಳಗೆ ನುಗ್ಗುತ್ತದೆ, ನಾನು ಅದನ್ನು ಹೊರಗೆ ದಬ್ಬುತ್ತೇನೆ. ಎರಡೂ ರೇಡಿಯೇಟರಿನಲ್ಲೇ ಡಿಕ್ಕಿ ಹೊಡೆದು ನಿಂತುಬಿಡುತ್ತವೆ. ನೀರು ಕುದಿಯುತ್ತದೆ. ಗಾಡಿ ನಿಲ್ಲಿಸಿ ಬಾನೆಟ್ ಎತ್ತಿದರೆ ಮೇಲಿನ ತಂಪು ಗಾಳಿ ನನಗೆ ಸಿಗುತ್ತದೆ, ಎದುರುಗಾಳಿಯ ಕಾಟವೂ ಇರುವುದಿಲ್ಲ. ನೀರು ತಣಿಯುತ್ತದೆ. ಅವರು ಪರೀಕ್ಷೆ ಮಾಡುವುದು ಯಾವಾಗಲೂ ನಿಲ್ಲಿಸಿ, ಬಾನೆಟ್ ಎತ್ತಿ, ಅಂಗೈ ಹಿಡಿದು. ಆಗೆಲ್ಲ ನಾನು ಪಾಸು.

ಮೊದಲಿಗೆ ಹೇಳಿದೆನಲ್ಲ, ರೋಣದ ರಸ್ತೆಯಲ್ಲಿ ಫಕ್ಕೀರಪ್ಪನ ಮುಖಕ್ಕೆ ಹಬೆ ನುಗ್ಗಿದ ಆ ದಿನ ಗಾಡಿ ನಿಂತದ್ದು ಎರಡನೆಯ ಸಲ. ಬಸಣ್ಣೆಪ್ಪ ಎಲೆ ತೋಟಗಳ ಹಿರಿಯ. ಸುತ್ತಲಿನ ತೋಟದವರೆಲ್ಲ ಅವನ ಮಾತಿನ ಮೇಲೆ ಎಲೆ ಕೊಡುತ್ತಾರೆ. ಹಿಂದಿನ ಸಲ ಎಲೆ ಬಾಡಿದ್ದರಿಂದ ತಾನೇ ನೋಡಬೇಕೆಂದು ಜೊತೆಗೆ ಬಂದಿದ್ದ. ಎಲೆ ಬಿಸಿಲಲ್ಲಿ ನಿಲ್ಲುವ ಜೀವವಲ್ಲ. ಗಾಡಿ ಓಡುತ್ತಿದ್ದರೆ ಗಾಳಿಯಾಡಿ ಬದುಕುತ್ತದೆ, ನಿಂತರೆ ಬುಟ್ಟಿಯೊಳಗೇ ಬೇಯುತ್ತದೆ. ಅವನು ಇಳಿದು, ಹಸಿ ಗೋಣಿಚೀಲ ಸರಿಸಿ, ಒಂದು ಎಲೆ ತೆಗೆದು ಕೆನ್ನೆಗೆ ಒತ್ತಿ ನೋಡಿದ.

"ಕಾದಾವು," ಅಂದ. "ಇನ್ನೊಮ್ಮಿ ಹಿಂಗಾದ್ರ ನಿನಗ ಎಲಿ ಇಲ್ಲ, ಫಕ್ಕೀರಪ್ಪ. ನಿಮ್ಮಪ್ಪನ ಮಾರಿ ನೋಡಿ ಇಷ್ಟ ದಿನ ಸುಮ್ಮನಿದ್ದೆ."

ಆಮೇಲೆ ಶುರುವಾಯಿತು ನನ್ನನ್ನು ಬಿಟ್ಟು ಉಳಿದವರ ತಪಾಸಣೆ. ಥರ್ಮೋಸ್ಟ್ಯಾಟ್ ಬದಲಾಯಿತು. ವಾಟರ್ ಪಂಪು ಬದಲಾಯಿತು. ಪೈಪುಗಳು ಬದಲಾದವು. ನೀಲಪ್ಪ ಬಂದಾಗಲೆಲ್ಲ ಜಾಲರಿಗೆ ಕೈ ಹಿಡಿದು, "ಫ್ಯಾನಿನ ಬಗ್ಗೆ ಮಾತಾಡಬ್ಯಾಡ. ಹುಲಿ ಇದ್ದಂಗೈತಿ," ಅನ್ನುತ್ತಿದ್ದ. ನನಗೆ ಹೊಗಳಿಕೆ ಕೇಳಿ ಮೈ ಉರಿಯುತ್ತಿತ್ತು. ಒಂದೇ ಒಂದು ಸಲ ಯಾರಾದರೂ ನನ್ನನ್ನು ಬೈದಿದ್ದರೆ ಎಲ್ಲ ನೆಟ್ಟಗಾಗುತ್ತಿತ್ತು.

ಮೂರನೆಯ ಸಲ ಗಾಡಿ ನಿಂತದ್ದು ಬಾದಾಮಿ ದಾಟಿದ ಮೇಲೆ, ಸುತ್ತ ಒಂದು ಗಿಡದ ನೆರಳೂ ಇಲ್ಲದ ಕಡೆ. ಫಕ್ಕೀರಪ್ಪ ತನ್ನ ಕುಡಿಯುವ ನೀರನ್ನು ರೇಡಿಯೇಟರಿಗೆ ಹಾಕಲಿಲ್ಲ, ಬುಟ್ಟಿಗಳ ಮೇಲೆ ಚಿಮುಕಿಸಿದ. ವಿಜಯಪುರ ಮುಟ್ಟುವ ಹೊತ್ತಿಗೆ ಎಲೆಯ ಅಂಚು ಕಪ್ಪಾಗಿತ್ತು. ಪೇಟೆಯ ಅಡತಿ ದಲ್ಲಾಳಿ ಎಲೆಯ ಪೆಂಡಿ ಬಿಚ್ಚಿ, ಎಲ್ಲರೂ ನೋಡುವಂತೆ ಗಟಾರಕ್ಕೆ ಸುರಿದ. "ಇದು ಸವಣೂರ ಎಲಿ ಅಂತ ಯಾರಿಗೂ ಹೇಳಬ್ಯಾಡ್ರಿ," ಅಂದ.

ಫಕ್ಕೀರಪ್ಪ ಖಾಲಿ ಬುಟ್ಟಿಗಳನ್ನು ಗಾಡಿಗೆ ಏರಿಸಿದ. ಬರುವಾಗ ಗದಗಿನಲ್ಲಿ ರೇಡಿಯೇಟರ್ ರಿಪೇರಿಯ ರಾಜೇಸಾಬನ ಅಂಗಡಿ ಮುಂದೆ ಗಾಡಿ ನಿಲ್ಲಿಸಿದ. ರೇಡಿಯೇಟರನ್ನೇ ಬದಲಿಸಿಬಿಡುವುದು ಅವನ ವಿಚಾರವಾಗಿತ್ತು.

ರಾಜೇಸಾಬ ಬೀಡಿ ಸೇದುತ್ತ ಬಂದು ಗಾಡಿಯ ಮುಂದೆ ನಿಂತ. ಹೊಗೆ ಬಿಟ್ಟ. ಆ ಹೊಗೆಯನ್ನು ನಾನು ಅವನ ಮುಖಕ್ಕೇ ವಾಪಸು ಉಗುಳಿದೆ. ಅವನು ಕೆಮ್ಮಿದ. ಮತ್ತೆ ಬಿಟ್ಟ. ಮತ್ತೆ ಉಗುಳಿದೆ, ಇದ್ದ ಶಕ್ತಿಯನ್ನೆಲ್ಲ ಹಾಕಿ.

"ಯಾವ ಪುಣ್ಯಾತ್ಮ ಹಾಕ್ಯಾನೋ ಇದನ್ನ?"

"ಯಾಕ್ರಿ? ಗಾಳಿ ಜೋರ ಐತಲ್ರಿ."

"ಜೋರೇನೋ ಐತಿ. ಗಾಡಿ ಅತ್ತಾಗ ಹೊಂಟೈತಿ, ಗಾಳಿ ಎದುರಿಗೆ ಬಂದು ಜಗಳಾ ತೆಗದೈತಿ. ಗಂಡ ಹೆಂಡತಿ ಒಂದ ಬಾಗಲದಾಗ ಸಿಕ್ಕೊಂಡಂಗ."

ಟೇಪು ಬಿಚ್ಚಿದ. ತಂತಿ ಅದಲು ಬದಲು ಮಾಡಿ, ನೀರು ಕಾದಾಗ ಮಾತ್ರ ನಾನು ತಿರುಗುವಂತೆ ಒಂದು ಸ್ವಿಚ್ಚನ್ನೂ ಕೂರಿಸಿದ. ಒಂದು ಹಳೆಯ ಪೇಪರಿನ ತುಂಡನ್ನು ಜಾಲರಿಯ ಹತ್ತಿರ ಹಿಡಿದು ಬಿಟ್ಟ. ನಾನು ಅದನ್ನು ಎಳೆದು ಅಪ್ಪಿಕೊಂಡೆ. ಅದು ಬೀಳಲಿಲ್ಲ.

ಫಕ್ಕೀರಪ್ಪ ಆ ಪೇಪರನ್ನು ಕಿತ್ತು, ತಾನೂ ಒಮ್ಮೆ ಹಿಡಿದು ಬಿಟ್ಟು ನೋಡಿದ. "ನೀಲಪ್ಪಗ ಹೇಳಬ್ಯಾಡ್ರಿ," ಅಂದ.

"ನಾ ಯಾಕ್ ಹೇಳ್ಲಿ. ಅವ ಹಾಕಿದ ಹೊಗಿ ಫ್ಯಾನ್ ನಮ್ಮ ಮಗ್ಗಲ ಖಾನಾವಳ್ಯಾಗ ಚಲೋ ನಡದೈತಿ."

ಮರುದಿನ ನಾವು ಇಟ್ಟಿಗೆ ತುಂಬಿಕೊಂಡು, ಕಡು ಬಿಸಿಲಲ್ಲಿ, ಬೇಕೆಂದೇ ವಿಜಯಪುರದವರೆಗೆ ಹೋಗಿ ಬಂದೆವು. ಇಂಜಿನ್ನಿನ ಬಿಸಿ ತೋರಿಸುವ ಸೂಜಿ ಅರ್ಧದಿಂದ ಮೇಲೇಳಲಿಲ್ಲ. ಫಕ್ಕೀರಪ್ಪ ದಾರಿಯುದ್ದಕ್ಕೂ ಒಬ್ಬನೇ ಹಾಡುತ್ತಿದ್ದ, ಕೆಟ್ಟದಾಗಿ.

ಅದರ ಮರುದಿನ ಬೆಳಿಗ್ಗೆ ಗಾಡಿ ತೋಟದ ಬದುವಿಗೆ ಬಂತು. ಅಲ್ಲಿ ಇನ್ನೊಬ್ಬರ ಗಾಡಿ ಆಗಲೇ ನಿಂತಿತ್ತು. ಬುಟ್ಟಿಗಳು ಅದಕ್ಕೆ ಏರುತ್ತಿದ್ದವು. ಬಸಣ್ಣೆಪ್ಪ ನೆಲದ ಮೇಲೆ ಕುಳಿತು ಪೆಂಡಿ ಕಟ್ಟುತ್ತಿದ್ದ.

"ಗಾಡಿ ಸರಿ ಆತ್ರಿ, ಬಸಣ್ಣೆಪ್ಪಾರ. ಎರಡು ತಂತಿ ಉಲ್ಟಾ ಇದ್ದೂ ಅಷ್ಟ. ನಿನ್ನೆ ಇಟಂಗಿ ಹೇರ್ಕೊಂಡು ಹೋಗಿ ಬಂದೇನಿ. ಎಲ್ಲೂ ನಿಂತಿಲ್ಲ. ಬರ್ರಿ, ನೋಡ್ರಿ."

ಅವನು ಬಾನೆಟ್ ಎತ್ತಿದ. ಸರಿಯಾಗಿ ಜೋಡಿಸಿದ ಫ್ಯಾನು ನೀರು ಕಾದಾಗ ಮಾತ್ರ ತಿರುಗುತ್ತದೆ. ಆ ಬೆಳಗಿನ ತಂಪಿನಲ್ಲಿ ಇಂಜಿನ್ ಬಿಸಿಯಾಗಿರಲೇ ಇಲ್ಲ. ನಾನು ಅಲುಗಾಡದೆ ನಿಂತಿದ್ದೆ, ಗುಜರಿಯ ಮೊಳೆಗೆ ಜೋತುಬಿದ್ದಿದ್ದ ಹಾಗೆ. ತಿರುಗು, ತಿರುಗು ಎಂದು ನನಗೆ ನಾನೇ ಹೇಳಿಕೊಂಡೆ. ತೋರಿಸಲು ನನ್ನಲ್ಲಿ ಏನೂ ಇರಲಿಲ್ಲ.

ಬಸಣ್ಣೆಪ್ಪ ಬಾನೆಟ್ಟಿನ ಕಡೆ ನೋಡಲೂ ಇಲ್ಲ. ಬಾಳೆಯ ನಾರನ್ನು ಹಲ್ಲಲ್ಲಿ ಹಿಡಿದು ಗಂಟು ಬಿಗಿದ.

"ಸರಿ ಆತಂದ್ರ ಚಲೋ ಆತು."

"ಒಂದ ಬುಟ್ಟಿ ಕೊಡ್ರಿ ಸಾಕು. ಬಾಡಿಗಿ ಬ್ಯಾಡ. ನೀವೂ ಕೂತು ಬರ್ರಿ."

ಬಸಣ್ಣೆಪ್ಪ ಕಟ್ಟಿದ ಪೆಂಡಿಯನ್ನು ಎತ್ತಿ ಆ ಇನ್ನೊಂದು ಗಾಡಿಯವನ ಕೈಗೆ ಕೊಟ್ಟ.

"ಇಲ್ಲ, ಫಕ್ಕೀರಪ್ಪ. ನಿನ್ನ ಗಾಡ್ಯಾಗ ಎಲಿ ಹಾಕೂದಿಲ್ಲ."