ಒಂದು ಬೆರಳಿನ ಜಾಗ

ಮನೆಯೊಳಗೆ ಛತ್ರಿ ಬಿಚ್ಚಬಾರದು ಎಂದು ಅಮ್ಮಿ ನನ್ನನ್ನು ಸಣ್ಣಂದಿನಿಂದ ಗದರಿಸಿದ್ದಾಳೆ, ಈಗ ನಮ್ಮ ಪಡಸಾಲೆಯ ನಟ್ಟನಡುವೆ ಬಿಳಿ ಛತ್ರಿಯೊಂದು ಬಿಚ್ಚಿಕೊಂಡು ನಿಂತಿದೆ, ಮಳೆಗಲ್ಲ, ಬೆಳಕಿಗೆ, ಅದರ ಹೊಟ್ಟೆಯೊಳಗೆ ಬಲ್ಬು ಉರಿಯುತ್ತಿದೆ, ಹೊರಗಿನ ನಿಪ್ಪಾಣಿಯ ಬಿಸಿಲು ಸಾಲದೆಂಬಂತೆ, ಮತ್ತು ಅಮ್ಮಿ ತುಟಿ ಬಿಚ್ಚುತ್ತಿಲ್ಲ, ಬೀಡಿ ಎಲೆಯ ಬುಟ್ಟಿಯನ್ನು ಮಡಿಲಿಗೆ ಎಳೆದುಕೊಂಡು ಅಡುಗೆಮನೆಯ ಹೊಸ್ತಿಲಲ್ಲಿ ಕೂತಿದ್ದಾಳೆ — ಚಾಚೀ, ಆ ಬುಟ್ಟಿ ಒಳಗ ಇಡ್ರಿ, ತಂಬಾಕ ಫ್ರೇಮಿನಾಗ ಬರ್ತೈತಿ, ಅಂದ ಸಮ್ಮೇದ, ಆಮೇಲೆ ಸುಣ್ಣ ಉದುರಿದ ಗೋಡೆಯನ್ನು ನೋಡಿ, ಇದು ಮಾತ್ರ ಹಿಂಗ ಇರ್ಲಿ, ಚಲೋ ಕಾಣ್ತೈತಿ. ಸಮ್ಮೇದ ನನ್ನ ಜೊತೆ ಬಿ.ಎ. ಓದಿದವನು, ಮೂರು ವರ್ಷದಲ್ಲಿ ನನ್ನ ದನಿ ಅವನು ಕೇಳಿದ್ದು ಹಾಜರಿ ಕೂಗುವಾಗ ಮಾತ್ರ, ಈಗ ಎಂಪಿ ಇಲೆಕ್ಷನ್ನಿಗೆ ನಿಂತ ಸಂದೇಶದಾದಾನ ಫೋಟೋ, ವಿಡಿಯೋ, ಫ್ಲೆಕ್ಸು ಎಲ್ಲ ಅವನ ಕೈಯಲ್ಲಿ. ದಾದಾ ನಮ್ಮ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬರಿತಲೆಯಲ್ಲಿ ಕೂತು ಮೊಬೈಲು ಉಜ್ಜುತ್ತಿದ್ದಾನೆ, ಬಸ್‌ಸ್ಟ್ಯಾಂಡಿನ ಫ್ಲೆಕ್ಸಿನಲ್ಲಿರುವ ಅವನ ಕೆನ್ನೆ ಗಾಜಿನ ಹಾಗೆ, ಇಲ್ಲಿ ನೋಡಿದರೆ ಮೊಡವೆಯ ಹಳೇ ಕುಳಿಗಳು, ಗಂಟಲು ಭಾಷಣದಲ್ಲಿ ಸತ್ತು ಹೋಗಿದೆ, ಒಂದೀಟ ನೀರ ಕೊಡವಾ ತಂಗಿ, ಅಂದ ಬಂದ ಕೂಡಲೇ, ಕೊಟ್ಟೆ, ಕುಡಿದ, ಲೋಟವನ್ನು ಎರಡೂ ಕೈಯಿಂದ ವಾಪಸು ಕೊಟ್ಟ. ಕೆಟ್ಟವನಾಗಿದ್ದರೆ ನನಗೆ ಸುಲಭವಿತ್ತು.

ಅಬ್ಬಾ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಾನೆ, ತಲೆಯ ಮೇಲೆ ಶುಕ್ರವಾರದ ಜಾಲಿ ಟೋಪಿ, ಅದೂ ಸಮ್ಮೇದ ಹಾಕಿಸಿದ್ದು, ಟೋಪಿ ಇದ್ರ ಮಂದಿಗೆ ಲಗೂ ತಿಳಿತೈತಿ ಚಾಚಾ — ಏನು ತಿಳಿಯುತ್ತದೆ? ಫೇಟಾ ಕಟ್ಟುವಾಗ, ಬೇರೆಯವರ ತಲೆಗೆ ಪೇಟ ಸುತ್ತುವಾಗ, ಅಬ್ಬಾ ಟೋಪಿ ಹಾಕುವುದಿಲ್ಲ, ಬಗ್ಗಿ ಎದ್ದು ಮಾಡುವ ಕೆಲಸ, ಬಿದ್ದು ಹೋಗುತ್ತದೆ. ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಎಲ್ಲಿ ಮದುವೆಯಾದರೂ ವರನ ತಲೆ ಅಬ್ಬಾನ ಕೈಯಲ್ಲಿ, ಮರಾಠರ ಮನೆ, ಜೈನರ ಮನೆ, ನಮ್ಮವರ ಮನೆ, ತಲೆಗೆ ಜಾತಿ ಇರ್ತೈತೇನ ಬೇಟಾ, ಸಣ್ಣದು ದೊಡ್ಡದು ಅಷ್ಟ ಇರ್ತೈತಿ. ಬಟ್ಟೆಯ ಇನ್ನೊಂದು ತುದಿ ನನ್ನ ಕೈಯಲ್ಲಿ, ಫ್ರಾಕು ಹಾಕುವ ವಯಸ್ಸಿನಿಂದಲೂ, ಎಳದ ಹಿಡಿ, ಸಡಲ ಬಿಡಬ್ಯಾಡ, ಅಬ್ಬಾ ಸುತ್ತುತ್ತ ಹೋದ ಹಾಗೆ ಬಟ್ಟೆ ಗಿಡ್ಡವಾಗಿ ನನ್ನನ್ನು ಒಂದೊಂದೇ ಹೆಜ್ಜೆ ಹತ್ತಿರ ಎಳೆದುಕೊಳ್ಳುತ್ತದೆ, ಕೊನೆಗೆ ನಾನು ಆ ತಲೆಯ ಪಕ್ಕಕ್ಕೇ ಬಂದು ನಿಂತಿರುತ್ತೇನೆ, ನೆತ್ತಿಯ ಮೇಲೆ ಗರಿಯಂತೆ ತುರಾಯಿ ಏಳುತ್ತದೆ, ಬಾಲದಂತೆ ಚುಂಗು ಬೆನ್ನಿಗೆ ಇಳಿಯುತ್ತದೆ, ಆಗ ಅಬ್ಬಾ ತೋರುಬೆರಳನ್ನು ಹಣೆಗೂ ಬಟ್ಟೆಗೂ ನಡುವೆ ತೂರಿಸುತ್ತಾನೆ. ಒಂದು ಬೆರಳು ಹೋಗಬೇಕು, ಎರಡು ಹೋಗಬಾರದು. ಆ ಬೆರಳು ಹೊರಗೆ ಬಂದ ಮೇಲೆಯೇ ಅಬ್ಬಾ ಉಸಿರು ಬಿಡುವುದು. ಅಥಣಿಯಲ್ಲಿ ದಾದಾನ ಪ್ರಚಾರದ ಮೆರವಣಿಗೆಗೆ ಕಟ್ಟಿದ ಅವತ್ತು ಮುಂಜಾನೆಯೂ ಬೆರಳು ಹೋಯಿತು, ಬಂತು, ನಾನು ನೋಡಿದೆ. ಉಳಿದ ಬಟ್ಟೆ ಮಡಚುತ್ತ ಜೀಪಿನ ಹಿಂದೆ ನಿಂತಿದ್ದೆ, ಅಬ್ಬಾ ಚಹಾ ಕುಡಿಯಲು ಆಚೆ ಹೋಗಿದ್ದ, ಸಮ್ಮೇದ ಕ್ಯಾಮೆರಾ ಕಣ್ಣಿಗಿಟ್ಟು, ಛೆ, ಹಣಿ ಮ್ಯಾಲಿನ ಕುಂಕುಮ ಕಾಣವಲ್ದು, ಮುಖಾ ಎಲ್ಲಾ ನೆರಳ ಬಿದ್ದೈತಿ, ಎಂದು ಜೀಪು ಹತ್ತಿ ದಾದಾನ ಫೇಟಾವನ್ನು ಎರಡೂ ಕೈಯಿಂದ ಹಿಂದಕ್ಕೆ ದಬ್ಬಿದ, ಅಡುಗೆ ಪಾತ್ರೆಯ ಮುಚ್ಚಳ ಸರಿಸಿದ ಹಾಗೆ. ದಾದಾ ಯಾರಿಗೋ ಕೈ ಮಾಡುತ್ತಿದ್ದ, ಅವನಿಗೆ ಗೊತ್ತೇ ಆಗಲಿಲ್ಲ. ಹಿಂದಕ್ಕೆ ಸರಿದ ಫೇಟಾ ಬರಿ ಕೂದಲಿನ ಮೇಲೆ ಕೂತಿರುತ್ತದೆ, ಹಿಡಿತ ಇರುವುದು ಹಣೆಯಲ್ಲಿ, ಇದು ನನಗೆ ಗೊತ್ತಿತ್ತು, ಬಾಯಿ ತೆರೆದೆ, ಜೀಪು ಹೊರಟಿತು.

ಆಮೇಲೆ ಜೆಸಿಬಿಯ ತುದಿಯಲ್ಲಿ ತೂಗಾಡುತ್ತ ಸೇಬಿನ ಹಾರ ಬಂತು, ದಾದಾ ತಲೆ ಬಗ್ಗಿಸಿದ, ಫೇಟಾ ಜಾರಿತು. ಅಷ್ಟೇ. ಜಾರಿದ್ದನ್ನು ನಾನು ಕಣ್ಣಾರೆ ನೋಡಲಿಲ್ಲ, ಆಮೇಲೆ ಎಷ್ಟು ಸಲ ನೋಡಿದೆನೋ, ಎಲ್ಲರ ಮೊಬೈಲಿನಲ್ಲಿ ಅದೇ, ಅದರ ಸುತ್ತ ಕೆಂಪು ವೃತ್ತ, ನಿಧಾನ ಮಾಡಿ, ಹಿಂದೆ ಮುಂದೆ ಮಾಡಿ, ಕೆಳಗೆ ಬಂದು ಯಾರದೋ ಚಪ್ಪಲಿಯಡಿ ಸಿಗುವಷ್ಟರಲ್ಲಿ ಮತ್ತೆ ಮೊದಲಿನಿಂದ, ಬೆಂಗಳೂರಿನ ಚಾನೆಲ್ಲಿನವನು ಕಣ್ಣರಳಿಸಿ, ಫೇಟಾ ಬಿತ್ತು, ಮುಂದೆ ಬೀಳೋದು ಏನು ವೀಕ್ಷಕರೇ — ಎದುರು ಪಕ್ಷದವರು ಅಪಶಕುನ ಅಂದರು, ನಕ್ಕರು, ದಾದಾನ ಕಡೆಯವರು ನಗಲಿಲ್ಲ, ಕಟ್ಟಿದಾಂವ ಯಾರು ಅಂದರು. ಕಟ್ಟಿದವನ ಹೆಸರು ಸಿಕ್ಕಿತು. ಮುಜಫ್ಫರ. ಆ ಹೆಸರು ಸಿಕ್ಕ ಮೇಲೆ ಉಳಿದದ್ದನ್ನು ಯಾರೂ ಹುಡುಕಬೇಕಾಗಿರಲಿಲ್ಲ, ಬೇಕಂತ ಸಡಲ ಕಟ್ಟ್ಯಾನ, ಯಾರ ರೊಕ್ಕಾ ತಿಂದಾನ, ಇವ್ರನ್ನ ಮುಟ್ಟಾಕ ಬಿಟ್ಟಿದ್ದ ತಪ್ಪು, ಅಬ್ಬಾನ ಫೋಟೋ, ಹೋದ ವರ್ಷ ಯಾವುದೋ ಮದುವೆಯಲ್ಲಿ ನಗುತ್ತ ನಿಂತದ್ದು, ಅದರ ಸುತ್ತಲೂ ಈಗ ಕೆಂಪು ವೃತ್ತ. ರಾಯಬಾಗದ ಮದುವೆ ಮನೆಯವರು ಫೋನು ಮಾಡಿದರು, ಬ್ಯಾಡ ಚಾಚಾ, ಈ ಸಲ ರೆಡಿಮೇಡ ತರ್ತೀವಿ. ಪಾಲಬಾವಿಯವರು ಫೋನನ್ನೂ ಮಾಡಲಿಲ್ಲ. ನಿನ್ನೆ ಸಂಜೆ ಬಾಗಿಲಿಗೆ ಕಲ್ಲು ಬಿತ್ತು, ಅಬ್ಬಾ ಎದ್ದು ಹೋಗಿ ಅದನ್ನು ಎತ್ತಿ ತುಳಸಿಕಟ್ಟೆಯ ಹತ್ತಿರ, ನೆರೆಯ ತಾರಾಬಾಯಿ ಆಯಿಯ ಮನೆಯ ಮುಂದೆ, ಯಾರೂ ಎಡವದ ಹಾಗೆ ಇಟ್ಟು ಬಂದ. ಡೈರಿಯಲ್ಲಿ ಬರೆದೆ, ಸಮ್ಮೇದನು ಅದನ್ನು ಹಿಂದಕ್ಕೆ ಸರಿಸಿದನು, ನಾನು ನೋಡಿದೆನು, ಬರೆದು ಓದಿಕೊಂಡೆ, ವಾಕ್ಯ ಸರಿಯಾಗಿತ್ತು, ಹೊರಗೆ ಯಾರಿಗೂ ಕೇಳುತ್ತಿರಲಿಲ್ಲ. ಅಬ್ಬಾನಿಗೆ ಹೇಳಿದ್ದೆ, ಅಬ್ಬಾ ಅಂದ, ಗೊತ್ತೈತಿ ಬೇಟಾ, ನನ್ನ ಕಟ್ಟು ನನಗ ಗೊತ್ತಿಲ್ಲೇನು, ಯಾರ ಮುಂದ ಹೇಳೂದು. ಮತ್ತೆ ಇವತ್ತು ಸಮ್ಮೇದನೇ ಬಂದ, ಉಪಾಯ ತಂದಿದ್ದಾನೆ, ಚಾಚಾ ಕ್ಯಾಮೆರಾ ಮುಂದ ತಪ್ಪಾತು ಅನ್ನಬೇಕು, ದಾದಾ ಮಾಫ್ ಮಾಡ್ತಾರ, ಅದೇ ಕೈಲೆ ಮತ್ತ ಫೇಟಾ ಕಟ್ಟಿಸ್ಕೋತಾರ, ಮಂದಿ ಅಳ್ತಾರ ನೋಡ್ರಿ, ನಿಮ್ಮ ಧಂದೆನೂ ಉಳಿತೈತಿ. ಅಮ್ಮಿ ಅಂದಳು, ಹೂಂ ಅನ್ರಿ. ಅಬ್ಬಾ ನನ್ನ ಕಡೆ ನೋಡಿದ, ನಾನು ನೆಲ ನೋಡಿದೆ, ಅಬ್ಬಾ ಹೂಂ ಅಂದ.

ಹಾಗಾಗಿ ಬಟ್ಟೆಯ ತುದಿ ಹಿಡಿದು ಬಾಗಿಲಲ್ಲಿ ನಿಂತಿದ್ದೇನೆ, ಬೆನ್ನ ಹಿಂದೆ ಓಣಿಯೆಲ್ಲ ಸೇರಿದೆ, ತಾರಾಬಾಯಿ ಆಯಿ ನನ್ನ ಸೊಂಟ ಚಿವುಟಿ, ತಲಿ ಹಿಕ್ಕೊಂಡಿಲ್ಲಲ್ಲಬೇ, ಇನ್ನ ವರಾ ನೋಡಾಕ ಬರೂದ ಬ್ಯಾಡ, ಮೊಬೈಲಿನ್ಯಾಗ ನೋಡೇ ಹೂಂ ಅಂತಾರ — ಕನ್ನಡದಾಗ ಒಂದ್ಸಲ ಚಾಚಾ, ಮರಾಠಿಯೊಳಗ ಒಂದ್ಸಲ, ಇಲ್ಲಿ ಮಂದಿಗೆ ಎರಡೂ ಬೇಕು, ಅನ್ನುತ್ತ ಸಮ್ಮೇದ ಕಿವಿಗೆ ಹೆಡ್‌ಫೋನು ಏರಿಸುತ್ತಾನೆ, ಹಾಂ, ಚಾಲೂ. ಅಬ್ಬಾ ಸುತ್ತುತ್ತಾನೆ, ಕೈಗೆ ಮರೆವಿಲ್ಲ, ಬಾಯಿ ಮಾತ್ರ ಬೇರೆ ಯಾರದೋ, ನನ್ನ ಕೈಲೆ ತಪ್ಪಾತ್ರಿ, ದಾದಾ ದೊಡ್ಡ ಮನಸ ಮಾಡ್ಯಾರ, ಬಟ್ಟೆ ನನ್ನನ್ನು ಒಂದು ಹೆಜ್ಜೆ ಎಳೆಯಿತು, ಇನ್ನೊಂದು, ಅದೇ ತಪ್ಪು ಈಗ ಮರಾಠಿಯಲ್ಲಿ, ಮಾಝ್ಯಾಕಡೂನ ಚೂಕ ಝಾಲೀ, ಇನ್ನೊಂದು, ಈಗ ಸಮ್ಮೇದನ ಕೈಗಳು ಕಾಣುತ್ತಿವೆ, ಫೇಟಾ ದಬ್ಬಿದ ಅವೇ ಬೆರಳುಗಳು ಕ್ಯಾಮೆರಾದ ಮೇಲೆ, ಮತ್ತು ಯಾರೋ ಮಾತಾಡುತ್ತಿದ್ದಾರೆ, ಅಬ್ಬಾ ಸಡಿಲ ಕಟ್ಟಿರಲಿಲ್ಲ ಸಮ್ಮೇದ, ನೀನೇ ಅದನ್ನು ಹಿಂದಕ್ಕೆ ಸರಿಸಿದೆ, ಡೈರಿಯ ಕನ್ನಡ, ನನ್ನ ದನಿ, ನಾನೇ. ದಾದಾ ತಲೆ ಹೊರಳಿಸಿ ಸಮ್ಮೇದನನ್ನು ನೋಡಿದ, ಹೌದೇನಲೇ? ಸಮ್ಮೇದ ನನ್ನನ್ನು ನೋಡಲೇ ಇಲ್ಲ, ಸಿಟ್ಟೂ ಆಗಲಿಲ್ಲ, ಹೆಡ್‌ಫೋನು ಒಂದು ಕಿವಿಯಿಂದ ಸರಿಸಿ, ಈಗ ಅದ್ಯಾಕ್ರಿ ದಾದಾ, ಮಂದಿ ಇದನ್ನ ನೋಡಾಕ ಕಾಯಾಕತ್ತಾರ. ಒಂದು ಗಳಿಗೆ ದಾದಾನ ಮುಖದಲ್ಲಿ ಏನೋ ಬಂತು, ನಾನು ಕಾದೆ, ಅವನು ಮೊಬೈಲಿನಲ್ಲಿ ಟೈಮು ನೋಡಿದ, ಲಗೂ ಮುಗಸ್ರಿ, ತೆಲಸಂಗದಾಗ ಮಂದಿ ಕುಂತೈತಿ. ನಡಕ ಆವಾಜ ಬಂತು ಚಾಚಾ, ಅಂದ ಸಮ್ಮೇದ, ಮತ್ತೊಮ್ಮಿ ತಗೋಳೋಣು, ಮೊದಲಿಂದ. ಆವಾಜ. ಮಿಕ್ಸಿ ತಿರುಗಿದ ಹಾಗೆ, ಲಾರಿ ಹೋದ ಹಾಗೆ. ನಾನು ಮಾತಾಡಿದ್ದಕ್ಕೆ ಅಬ್ಬಾ ಸುತ್ತಿದ್ದನ್ನೆಲ್ಲ ಬಿಚ್ಚಿದ, ನಾನು ಮಾತಾಡಿದ್ದಕ್ಕೆ ಅಬ್ಬಾ ಎರಡನೇ ಸಲ ತಪ್ಪಾತು ಅನ್ನಬೇಕು, ಎರಡೂ ಭಾಷೆಯಲ್ಲಿ, ಅಮ್ಮಿ ಹೊಸ್ತಿಲಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಾಳೆ, ಅಬ್ಬಾ ಬಟ್ಟೆಯ ತುದಿಯನ್ನು ಮತ್ತೆ ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿ, ಎಳದ ಹಿಡಿ ಬೇಟಾ, ಸಡಲ ಬಿಡಬ್ಯಾಡ. ಹಿಡಿದಿದ್ದೇನೆ. ನನ್ನ ಕೈಲೆ ತಪ್ಪಾತ್ರಿ, ಈ ಸಲ ಅಬ್ಬಾನ ದನಿ ಒಡೆಯಿತು, ಕಣ್ಣು ತುಂಬಿತು, ಹಾಂ ಇದು ಬಂತ ನೋಡ್ರಿ, ಪಿಸುಗುಟ್ಟಿದ ಸಮ್ಮೇದ, ಬಟ್ಟೆ ಎಳೆಯುತ್ತಿದೆ, ಬಾಗಿಲು ಬಿಟ್ಟೆ, ಛತ್ರಿ ದಾಟಿದೆ, ಮಾಝ್ಯಾಕಡೂನ ಚೂಕ ಝಾಲೀ, ದಾದಾ ಅಬ್ಬಾನ ಹೆಗಲ ಮೇಲೆ ಕೈ ಇಟ್ಟ, ಓಣಿ ಚಪ್ಪಾಳೆ ಹೊಡೆಯಿತು, ತುರಾಯಿ ಎದ್ದಿತು, ಚುಂಗು ಇಳಿಯಿತು, ಈಗ ನಾನು ಆ ತಲೆಯ ಪಕ್ಕದಲ್ಲೇ ಇದ್ದೇನೆ, ಅಬ್ಬಾನ ತೋರುಬೆರಳು ತನ್ನಷ್ಟಕ್ಕೆ ತಾನೇ ಎದ್ದು ಹಣೆಯ ಕಡೆ ಹೊರಟಿತು — ಕೈ ತಗೀರಿ ಚಾಚಾ, ದಾದಾನ ಮುಖಕ್ಕ ಅಡ್ಡ ಬರಾಕತ್ತೈತಿ — ನಿಂತಿತು, ಬಟ್ಟೆಗೆ ಇನ್ನೇನು ತಾಗುವಷ್ಟು ಹತ್ತಿರ, ಇಳಿಯಲಿಲ್ಲ, ಒಳಗೆ ಹೋಗಲೂ ಇಲ್ಲ, ಬಿಳಿ ಬೆಳಕಿನಲ್ಲಿ ಅಬ್ಬಾನ ಬೆರಳು, ಒಂದು ಬೆರಳು, ಒಂದು ಹೋಗಬೇಕು, ಆ ಬೆರಳು ಇನ್ನೂ ಅಲ್ಲೇ ಇದೆ, ಅಬ್ಬಾ ಇನ್ನೂ ಉಸಿರು ಬಿಟ್ಟಿಲ್ಲ.