ಗೌರಿಯ ಹಣೆಗೆ ವಿಭೂತಿ

ಬೆಕ್ಕಿಗೆ ಪಂಜರ ರೂಢಿ ಮಾಡಿಸುವುದೂ ಒಂದು ಕೆಲಸವೇ ಎಂದು ನಗುವವರು ಒಂದು ದಿನ ಮಾಡಿ ನೋಡಲಿ. 1967ರಲ್ಲಿ ದಾವಣಗೆರೆಯ ಒಂದು ಪ್ರಯೋಗಾಲಯದಲ್ಲಿ ನನಗೆ, ಈ ಬಕ್ಕೇಶಪ್ಪನಿಗೆ, ಅದೇ ಉದ್ಯೋಗ. ತಿಂದ ಆಹಾರದಲ್ಲಿನ, ಮೂಳೆಗೆ ಬೇಕಾದ ಸುಣ್ಣದ ಅಂಶ ಮೈಗೆಷ್ಟು ಹತ್ತುತ್ತದೆ, ಹೊರಗೆಷ್ಟು ಹೋಗುತ್ತದೆ ಎಂದು ಮೈಸೂರಿನ ಡಾಕ್ಟರೊಬ್ಬರು ಅಳೆಯುತ್ತಿದ್ದರು. ಬೆಕ್ಕು ಇಪ್ಪತ್ತು ದಿನ ಪಂಜರದಲ್ಲಿ ಹೆದರದೆ ಇರಬೇಕು, ತೂಗಿ ಕೊಟ್ಟದ್ದನ್ನಷ್ಟೇ ತಿನ್ನಬೇಕು.

ಪ್ರಯೋಗಕ್ಕೆ ಹಿಡಿದು ತಂದಿದ್ದ ಬೀದಿಯ ಬೆಕ್ಕೊಂದು ತಪ್ಪಿಸಿಕೊಂಡಾಗ ನನ್ನ ಬುದ್ಧಿಗೆ ಮಂಕು ಕವಿದು, ಮನೆಯ ಬೆಕ್ಕು ತರುತ್ತೇನೆ ಎಂದುಬಿಟ್ಟೆ. ಆ ಬೆಕ್ಕು ಗೌರಿಯನ್ನು ನನ್ನ ಹೆಂಡತಿ ಸರ್ವಮಂಗಳ ಹರಿಹರದ ತವರಿನಿಂದ ಮಡಿಲಲ್ಲಿಟ್ಟುಕೊಂಡು ತಂದಿದ್ದಳು. ಮಕ್ಕಳಿಲ್ಲದ ಮನೆ ನಮ್ಮದು.

“ಇಪ್ಪತ್ತು ದಿನ ಅಂದ್ರೆ ಇಪ್ಪತ್ತೇ ದಿನ. ಆಮ್ಯಾಲೆ ಗೌರಿ ಮನ್ಯಾಗಿರ್ಬೇಕು ನೋಡ್ರಿ,” ಎಂದಿದ್ದಳು.

ಎರಡು ದಿನ ಗೌರಿ ಊಟ ಮುಟ್ಟಲಿಲ್ಲ. ಮೂಲೆಯಲ್ಲಿ ನಡುಗುತ್ತಿತ್ತು. ಬೆಚ್ಚಿಬಿದ್ದ ಕೂಸಿಗೆ ಮಾಡುವಂತೆ ವಿಭೂತಿ ನೆನೆಸಿ ಹಣೆಗೆ ದಪ್ಪಗೆ ಹಚ್ಚಿ ನೇವರಿಸಿದೆ. ಮುಂಗಾಲಿನಿಂದ ಒರೆಸಿಕೊಂಡು ನೆಕ್ಕಿತು, ಆಮೇಲೆ ತಿಂದಿತು. ಅಂದಿನಿಂದ ಬೆಳಿಗ್ಗೆ ಸಂಜೆ ಅದೇ ಉಪಚಾರ.

ಹದಿನೆಂಟನೆಯ ದಿನ ಡಾಕ್ಟರು ಕರೆದರು. “ಇದು ತಿಂದಿದ್ದಕ್ಕಿಂತ ಹೆಚ್ಚು ಸುಣ್ಣ ಹೊರಗೆ ಹಾಕ್ತಿದೆ. ಬೇರೆ ಏನಾದ್ರೂ ತಿನ್ನೋಕೆ ಕೊಟ್ರಾ?”

“ಇಲ್ರಿ ಸಾರ್. ಒಂದಗುಳೂ ಹಾಕಿಲ್ಲ.”

ಸುಳ್ಳು ಹೇಳಲಿಲ್ಲ. ವಿಭೂತಿಯನ್ನು ತಿನ್ನುವ ಪದಾರ್ಥ ಎಂದು ನಮ್ಮಲ್ಲಿ ಯಾರು ಎಣಿಸುತ್ತಾರೆ?

“ಹಾಗಾದ್ರೆ ಮೂಳೆ ಕರಗ್ತಿದೆ. ಹೇಗೂ ಬದುಕಲ್ಲ, ಕೊಯ್ದು ನೋಡ್ಬೇಕು.”

“ಮನಿ ಬೆಕ್ಕು ಸಾರ್. ಕೈ ಮುಗೀತೀನಿ, ಬ್ಯಾಡ್ರಿ.”

ಅವರು ಕೇಳಲಿಲ್ಲ. ಬೇರೆಯವರ ಕೈಗೆ ಹೋಗಲಾರದೆಂದು ನಾನೇ ಎತ್ತಿ ತಂದೆ. ಸೂಜಿ ಚುಚ್ಚುವಾಗಲೂ ನನ್ನ ತೋಳಿನಲ್ಲಿ ಗುರುಗುಡುತ್ತಲೇ ಇತ್ತು. ನನ್ನನ್ನು ನಂಬಿತ್ತು, ಪಾಪಿ ನಾನು.

ಡಾಕ್ಟರು ಕೊಯ್ದು ಬಹಳ ಹೊತ್ತು ನೋಡಿದರು. “ಮೂಳೆ ಗಟ್ಟಿಯಾಗೇ ಇದೆಯಲ್ಲ.” ಆಮೇಲೆ ಪಂಜಕ್ಕೆ ಮೆತ್ತಿದ್ದ ಬಿಳಿಯನ್ನು ಬೆರಳಿನಿಂದ ತಿಕ್ಕಿದರು. “ಇದೇನು?”

“ವಿಭೂತಿ ಸಾರ್. ಹೆದರಬಾರ್ದು ಅಂತ ದಿನಾ ಹಚ್ತಿದ್ದೆ.”

ಅವರು ಕತ್ತರಿ ಕೆಳಗಿಟ್ಟರು. “ಇದರಲ್ಲೂ ಸುಣ್ಣ ಇರುತ್ತೆ ಕಣಯ್ಯ. ಬೆಕ್ಕು ಇದನ್ನೇ ನೆಕ್ಕಿದೆ, ಆ ಸುಣ್ಣವೇ ಹೊರಗೆ ಬಂದಿದೆ. ಏನೂ ಆಗಿರಲಿಲ್ಲ ಇದಕ್ಕೆ.”

ಮನೆಗೆ ಬಂದಾಗ ಸರ್ವಮಂಗಳ ಬಾಗಿಲಲ್ಲೇ ಇದ್ದಳು. “ಇಷ್ಟ್ ಲಗೂನ ಬಂದ್ರಿ? ಗೌರಿ ಉಣ್ತೈತೇನು?”

“ಉಣ್ತೈತೆ,” ಎಂದು ಕೈ ತೊಳೆಯಲು ಹಿತ್ತಿಲಿಗೆ ಹೋದೆ.