ನನ್ನ ತಾರೀಖು ತಪ್ಪಿದ ದಿನ

ನಾನು ಒಂದು ಸರ್ವರ್. ದೂರದ ಕಾರ್ಖಾನೆಯೊಂದರಲ್ಲಿ ಹುಟ್ಟಿ, ಥರ್ಮಕೋಲಿನ ನಡುವೆ ಮಲಗಿ, ಹುಬ್ಬಳ್ಳಿಯ ಒಂದು ರಕ್ತನಿಧಿಗೆ ಬಂದೆ. ಯಾವ ರಕ್ತ ಎಷ್ಟಿದೆ ಎಂದು ನೆನಪಿಡುವುದು ನನ್ನ ಕೆಲಸ. ಅಪರೂಪದ ರಕ್ತದವರ ಹೆಸರು, ಫೋನ್ ನಂಬರುಗಳೆಲ್ಲ ಬೆಳಗಾವಿಯ ಇನ್ನೊಂದು ಸರ್ವರ್ ಬಳಿ ಇದ್ದವು. ಬೇಕಾದಾಗ ನಾನು ಕೇಳುತ್ತಿದ್ದೆ, ಅವನು ಕೊಡುತ್ತಿದ್ದ. ಹದಿನಾಲ್ಕು ವರ್ಷ ನಮ್ಮಿಬ್ಬರ ನಡುವೆ ಒಂದು ಮಾತು ಬಂದಿರಲಿಲ್ಲ.

ಆಯುಧಪೂಜೆಗೆ ನನ್ನನ್ನು ಪೂರ್ತಿ ಆರಿಸಿ, ತಂತಿಗಳನ್ನೆಲ್ಲ ಕಿತ್ತು, ಒರೆಸಿ, ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕುವುದು ವಾಡಿಕೆ. ವರ್ಷಕ್ಕೆ ಅದೊಂದೇ ದಿನ ನನಗೆ ನಿದ್ದೆ. ಆ ವರ್ಷ ಮಾರನೆಯ ಬೆಳಿಗ್ಗೆ ಎದ್ದೆ, ನೋಡಿದರೆ ಬೆಳಗಾವಿಯವನು ನನ್ನನ್ನು ಒಳಗೇ ಬಿಡಲೊಲ್ಲ!

ಅದೇ ಹೊತ್ತಿಗೆ ಮಾಬೂಬಿ ಎಂಬ ತಾಯಿ ಕೌಂಟರಿಗೆ ಬಂದಳು. ಆಸ್ಪತ್ರೆಯಲ್ಲಿ ಹೆರಿಗೆಯಾದ ಮಗಳು ರೇಷ್ಮಾಳಿಗೆ ರಕ್ತ ಹೋಗುವುದು ನಿಂತಿರಲಿಲ್ಲ. ಅವಳದು ಬಾಂಬೆ ಗುಂಪು ಎಂಬ ಅಪರೂಪದ ರಕ್ತ, ಬೇರೆ ಯಾವ ಗುಂಪಿನದೂ ಆಗುವುದಿಲ್ಲ. ನಮ್ಮಲ್ಲಿ ಒಂದು ಬಾಟಲಿಯೂ ಇಲ್ಲ. ಬೆಳಗಾವಿಯ ಕಚೇರಿಗೆ ಹಬ್ಬದ ರಜೆ, ಫೋನ್ ಎತ್ತುವವರಿಲ್ಲ.

ನನ್ನನ್ನು ನೋಡಿಕೊಳ್ಳುವ ಫಕೀರೇಶ ಕೇಬಲ್ ಬದಲಿಸಿದ, ಪಾಸ್‌ವರ್ಡ್ ಬದಲಿಸಿದ, ನನ್ನನ್ನು ಮೂರು ಸಲ ಆರಿಸಿ ಹಚ್ಚಿದ.

"ಲೈನ್ ಛಲೋನ ಐತ್ರೀ ಮೇಡಂ. ಆ ಕಡೆಯಂವ ಒಳಗ ಬಿಟ್ಕೊಳ್ಳವಲ್ಲ," ಎಂದು ಲ್ಯಾಬಿನ ನೀಲಗಂಗಾ ಮೇಡಂಗೆ ಹೇಳಿದ.

ನಾನು ಕೂಗಿಕೊಂಡೆ, ಬೇಡಿಕೊಂಡೆ, ಬೆಳಗಾವಿಯವನ ಮನೆ ಹಾಳಾಗಲೆಂದು ಶಾಪ ಹಾಕಿದೆ. ಎರಡು ತಾಸು ಹೋಯಿತು.

ಮಾಬೂಬಿ ನಾನು ಅಚ್ಚು ಹಾಕಿಕೊಟ್ಟ ಚೀಟಿಯನ್ನೇ ನೋಡುತ್ತ ಕೂತಿದ್ದಳು. ಮೆಲ್ಲಗೆ ಹೇಳಿದಳು: "ಇದರಾಗ ತಾರೀಖ ತಪ್ಪೈತಲ್ಲಪಾ ತಮ್ಮಾ. ಈ ವರ್ಷ ನನ್ನ ಮಗಳು ಸಾಲ್ಯಾಗ ಇನ್ನ ಎರಡನೇತ್ತ ಕಲೀತಿದ್ಲು."

ಫಕೀರೇಶ ಹಣೆ ಬಡಿದುಕೊಂಡ. ನನ್ನೊಳಗೆ ಅಂಗಿಯ ಗುಂಡಿಯಷ್ಟಗಲದ ಒಂದು ಬ್ಯಾಟರಿ ಇದೆ. ನಾನು ಮಲಗಿದಾಗ ಗಡಿಯಾರ ನಡೆಸುವುದು ಅದೇ. ಅದು ಸತ್ತಿತ್ತು. ತಂತಿ ಕಿತ್ತ ಕೂಡಲೇ ನಾನು ಹುಟ್ಟಿದ ವರ್ಷಕ್ಕೆ ಜಾರಿದ್ದೆ. ತಾರೀಖು ತಾಳೆಯಾಗದವರನ್ನು ಬೆಳಗಾವಿಯವನು ನಂಬುವಂತಿಲ್ಲ, ಅದು ನಿಯಮ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗಾಯಿತು ನನ್ನ ಬಾಳು.

ತಾರೀಖು ತಿದ್ದಿದ ಕೂಡಲೇ ಹೆಸರು ಬಂತು: ಈರಯ್ಯ, ನವಲಗುಂದ. ಫೋನ್ ಹೋದ ಮುಕ್ಕಾಲು ತಾಸಿಗೆ ಆತ ಬೈಕಿನಲ್ಲಿ ಬಂದ. ಅಂಗಿಯ ತೋಳು ಮಡಚುತ್ತಲೇ ಒಳಗೆ ಕಾಲಿಟ್ಟ. ಆಗ ಆಸ್ಪತ್ರೆಯಿಂದ ಸುದ್ದಿ ಬಂತು. ರೇಷ್ಮಾ ಹೋಗಿಬಿಟ್ಟಿದ್ದಳು.

ಈರಯ್ಯ ತಲೆ ತಗ್ಗಿಸಿ ತೋಳು ಇಳಿಸತೊಡಗಿದ. ಮಾಬೂಬಿ ಅವನ ಕೈ ಹಿಡಿದಳು.

"ಕೊಟ್ಟು ಹೋಗಪಾ. ಇನ್ನೊಬ್ಬಾಕಿ ಮಗಳಿಗೆ ಬೇಕಾಗತೈತಿ."

ಆ ಬಾಟಲಿಯ ನಂಬರು ಬರೆದುಕೊಂಡವನು ನಾನೇ.

ಈಗ ಹೊಸ ಸರ್ವರ್ ಬಂದಿದೆ. ನಾನು ಗೋದಾಮಿನ ಮೂಲೆಯಲ್ಲಿ ಗುಜರಿಯವನ ದಾರಿ ಕಾಯುತ್ತಿದ್ದೇನೆ. ಅಂದು ಯಾರೂ ನನ್ನನ್ನು ಬೈಯಲಿಲ್ಲ. ಹಳೇ ಮಷಿನ್, ಅದಕ್ಕೇನು ತಿಳಿಯುತ್ತದೆ ಎಂದರು. ಅವರ ಮುಂದೆ ಹೇಳಲು ನನಗೆ ಬಾಯಿಲ್ಲ: ಆ ಎರಡು ತಾಸು ತಿಂದವನು ನಾನು.